ನಿಮ್ಮ ಕಾಲು ಯಾಕೆ ಕುಣೀತಿತ್ತು?

ನಿಜ ಹೇಳಿ, ಮೊನ್ನೆ ಕಡಕೊಳದ ಬಸ್‌ಸ್ಟಾಪಲ್ಲಿ ನಿಮ್ಮ ಕಾಲು ಯಾಕೆ ಕುಣೀತಿತ್ತು? ಮುಖ ಗಂಭೀರವಾಗೇ ಇತ್ತು, ಒಪ್ತೀನಿ. ಪಕ್ಕದಲ್ಲಿ ನಿಂತ ಫ್ಯಾಕ್ಟರಿ ಹುಡುಗ ಇಯರ್‌ಫೋನ್ ಇಲ್ದೆ ಮೊಬೈಲಲ್ಲಿ ಕನ್ನಡ ರ‍್ಯಾಪ್ ಹಾಕಿದ್ದ. ನೀವು ‘ಇದೂ ಒಂದು ಹಾಡಾ’ ಅಂತ ಹುಬ್ಬು ಗಂಟು ಹಾಕ್ಕೊಂಡಿದ್ರಿ. ಆದ್ರೆ ಕೆಳಗೆ ಚಪ್ಪಲಿ ಮಾತ್ರ ಬೀಟಿಗೆ ಸರಿಯಾಗಿ ನೆಲ ತಟ್ತಿತ್ತು. (ಯಾರೂ ನೋಡ್ಲಿಲ್ಲ ಅಂದ್ಕೊಂಡ್ರಾ?)

ನಂಜನಗೂಡು ರೋಡಲ್ಲಿ ಓಡಾಡೋರಿಗೆ ಕಡಕೊಳದ ಗುರುತು ಹೇಳ್ಬೇಕಾಗಿಲ್ಲ. ಮಂಡಕಳ್ಳಿ ಏರ್‌ಪೋರ್ಟ್ ದಾಟಿದ್ರೆ ಬಂತು. ಇಂಡಸ್ಟ್ರಿಯಲ್ ಏರಿಯಾ, ಕಂಟೇನರ್ ಲಾರಿ, ಚಾಮರಾಜನಗರದ ರೈಲಿಗೊಂದು ಸ್ಟೇಷನ್ನು, ಶಿಫ್ಟ್ ಮುಗಿಸಿ ಟೀ ಅಂಗಡಿ ಮುಂದೆ ಗುಂಪಾಗೋ ಹುಡುಗ್ರು. ಆ ಗುಂಪಲ್ಲಿ ಒಬ್ಬ ರ‍್ಯಾಪ್ ಹಾಕ್ತಾನೆ, ಇನ್ನೊಬ್ಬ ಅದರ ಜೊತೆಗೇ ಬಾಯಿ ಆಡಿಸ್ತಾನೆ, ನೀವು ಮಾರು ದೂರದಲ್ಲಿ ನಿಂತು ‘ಕನ್ನಡ ಕೆಟ್ಟೋಯ್ತು’ ಅಂತೀರಿ. ಇದು ಪ್ರತಿ ಸಂಜೆ ನಡೆಯೋ ಪ್ರಸಂಗ.

ಸಾಹಿತ್ಯ ಬಲ್ಲೋರ ಮುಂದೆ ಕಡಕೊಳ ಅನ್ನಿ, ‘ಓಹೋ, ಮಡಿವಾಳಪ್ಪನವರ ಊರಾ!’ ಅಂತಾರೆ. ಅಲ್ಲ ಕಣ್ರೀ. ತತ್ವಪದದ ಮಡಿವಾಳಪ್ಪನವರ ಕಡಕೋಳ ಕಲಬುರಗಿ ಜಿಲ್ಲೇದು, ನಮ್ಮದು ಮೈಸೂರು ಸೀಮೇದು. ಆದ್ರೂ ಬೆಂಗಳೂರಿನ ನೆಂಟರ ಮುಂದೆ ನೀವು ಒಂದ್ಸಲ ‘ಹೌದು, ನಮ್ಮೂರವರೇ’ ಅಂದ್ಬಿಟ್ಟಿದ್ರಿ, ನೆನಪಿದ್ಯಾ? ಸರಿ ಬಿಡಿ, ಊರಿಗೊಬ್ಬ ಕವಿ ಇರ್ಲಿ ಅನ್ನೋ ಆಸೆ ಯಾರಿಗಿಲ್ಲ. ಆದ್ರೆ ಆ ಮಡಿವಾಳಪ್ಪನವರ ಪದಗಳು ಏಕತಾರಿ ಹಿಡಿದೋರ ಬಾಯಿಂದ ಬಾಯಿಗೆ ಬಂದವು, ಕಿವಿಯಲ್ಲಿ ಬೆಳೆದವು. ಇದನ್ನ ಸ್ವಲ್ಪ ಜ್ಞಾಪಕ ಇಟ್ಕೊಳ್ಳಿ, ಮುಂದೆ ನಿಮಗೇ ತಿರುಗಿ ಬರುತ್ತೆ.

ಈಗ ಒಂದು ಚಿಕ್ಕ ಪರೀಕ್ಷೆ. ಕಾವ್ಯ ಅಂದ್ರೆ ಪಂಪ, ಕುಮಾರವ್ಯಾಸ, ಕುವೆಂಪು, ಬೇಂದ್ರೆ ಅಂತೀರಲ್ಲ, ಅವರದ್ದೊಂದು ಪದ್ಯ ಹೇಳಿ. ಪೂರ್ತಿ. ಗೂಗಲ್ ಮುಟ್ಟಬಾರದು. ಹ್ಞಾಂ, ಕಂಠಪಾಠಕ್ಕಿದ್ದ ಪದ್ಯದ ಎರಡು ಸಾಲು ಬಂತು. ಮೂರನೇದು? ‘ಹ್ಞೂಂ ಹ್ಞೂಂ ಹ್ಞೂಂ’ ಅಂತ ರಾಗ ಮಾತ್ರ ಬಂತು. ಅದೇ ರ‍್ಯಾಪರ್ ಚಂದನ್ ಶೆಟ್ಟಿಯ ‘3 ಪೆಗ್’ ಹಾಡು? ಥೂ, ಅದೆಲ್ಲ ನನಗೆಲ್ಲಿ ಬರುತ್ತೆ ಅಂತೀರಿ, ತಂಗಿ ಮಗಳ ಮದುವೆ ಹಿಂದಿನ ರಾತ್ರಿ ಪಲ್ಲವಿಯಿಂದ ಕೊನೇವರೆಗೂ ಕೂಗಿದ್ದು ಯಾರು ಹಾಗಾದ್ರೆ? (ವಿಡಿಯೊ ಇದೆ. ಫ್ಯಾಮಿಲಿ ಗ್ರೂಪಲ್ಲಿ ಮೇಲಕ್ಕೆ ಸ್ಕ್ರೋಲ್ ಮಾಡಿ.)

ನೀವು ಮೋಸಗಾರರು ಅಂತ ನಾನು ಹೇಳ್ತಿಲ್ಲ. ಕಾವ್ಯದ ಮೇಲೆ ನಿಮಗಿರೋ ಗೌರವ ನಿಜವಾದದ್ದೇ. ಎಷ್ಟು ಗೌರವ ಅಂದ್ರೆ ಹತ್ತಿರ ಹೋಗೋಕೇ ಹೆದರ್ತೀರಿ, ಶೋಕೇಸಲ್ಲಿಟ್ಟು ಬೀಗ ಹಾಕಿದ್ದೀರಿ. ರ‍್ಯಾಪ್ ಮೇಲೆ ಗೌರವ ಇಲ್ಲ, ಅದಕ್ಕೇ ಕಿವಿ ತೆರೆದೇ ಇದೆ.

ಹೋಗ್ಲಿ, ರ‍್ಯಾಪಲ್ಲಿ ನಿಮಗೆ ಹಿಡಿಸದೇ ಇರೋದು ಏನು? ‘ಬರೀ ಪ್ರಾಸ ಕಣ್ರೀ, ಅರ್ಥ ಇಲ್ಲ’ ಅಂತೀರಿ. ಅಯ್ಯೋ, ಪ್ರಾಸದ ಸುದ್ದಿಗೆ ಮಾತ್ರ ಬರಬೇಡಿ. ಪ್ರಾಸದ ಹುಚ್ಚು ಹಿಡಿಸಿಕೊಂಡಿದ್ದು ಟೀ ಅಂಗಡಿ ಹುಡುಗ್ರಲ್ಲ, ನಿಮ್ಮ ಶೋಕೇಸಿನ ಹಿರಿಯರು. ಹತ್ತನೇ ಶತಮಾನದ ಒಂದನೇ ನಾಗವರ್ಮ ‘ಛಂದೋಂಬುಧಿ’ ಅಂತ ಬರೆದ. ಹೆಂಡತಿಗೆ ಹೇಳೋ ಧಾಟಿಯಲ್ಲಿ ಛಂದಸ್ಸಿನ ಪಾಠ. (ನೀವು ಹೆಂಡತಿ ಹತ್ರ ಕೊನೇ ಸಲ ಪದ್ಯದ ವಿಷಯ ಮಾತಾಡಿದ್ದು ಯಾವಾಗ? ಮಾತು ಬಿಡಿ, ಕರೆಂಟ್ ಬಿಲ್ ಬಿಟ್ಟು ಬೇರೆ ಏನಾದ್ರೂ?)

ಆ ನಾಗವರ್ಮ ಪ್ರಾಸದಲ್ಲೇ ಆರು ಜಾತಿ ಮಾಡಿಟ್ಟಿದ್ದಾನೆ, ಆರಕ್ಕೂ ಪ್ರಾಣಿಗಳ ಹೆಸರು. ಪ್ರಾಸದ ಅಕ್ಷರದ ಹಿಂದೆ ಹ್ರಸ್ವ ಇದ್ರೆ ಸಿಂಹ, ದೀರ್ಘ ಇದ್ರೆ ಗಜ, ಸೊನ್ನೆ ಇದ್ರೆ ವೃಷಭ, ವಿಸರ್ಗ ಇದ್ರೆ ಅಜ, ಬೇರೆ ಬೇರೆ ವ್ಯಂಜನದ ಒತ್ತಕ್ಷರ ಆದ್ರೆ ಶರಭ, ಅದೇ ವ್ಯಂಜನದ ದ್ವಿತ್ವ ಆದ್ರೆ ಹಯ. ಸಿಂಹ, ಆನೆ, ಗೂಳಿ, ಆಡು, ಶರಭ, ಕುದುರೆ. ಮೈಸೂರು ಝೂ ಟಿಕೆಟ್ ತಗೊಂಡ್ರೂ ಶರಭ ಸಿಗಲ್ಲ. ಇಷ್ಟೆಲ್ಲ ಮೃಗ ಸಾಕಿದ ಮನೆತನ ನಮ್ಮದು, ನೀವು ನೋಡಿದ್ರೆ ಆ ಹುಡುಗನಿಗೆ ‘ಬರೀ ಪ್ರಾಸ’ ಅಂತೀರಿ.

ಇನ್ನೂ ತಮಾಷೆ ಏನು ಗೊತ್ತಾ? ಈ ಆರೂ ಪ್ರಾಣಿ ಕೂತಿರೋದು ಸಾಲಿನ ಕೊನೇಲಿ ಅಲ್ಲ, ಶುರುವಲ್ಲಿ. ಪದ್ಯದ ಪ್ರತಿ ಪಾದದ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಅದೇ ಆದಿಪ್ರಾಸ. ಯಾಕಪ್ಪಾ ಇಷ್ಟು ಕಷ್ಟ, ಕೊನೇಲಿ ಇಟ್ಟಿದ್ರೆ ಆಗ್ತಿರಲಿಲ್ವಾ ಅಂತ ಕೇಳಿ.

ನನಗೊಂದು ಅನುಮಾನ ಇದೆ, ಕಿವಿ ಕೊಡಿ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬಂದು ಕೂರುತ್ತೆ, ಬಾಲಕ್ಕೆ ಪ್ರತ್ಯಯ ಬೇರೆ. ಏಳ್ತೀನಿ, ತಿಂತೀನಿ, ಬರ್ತೀನಿ, ಮಲಗ್ತೀನಿ. ನಿದ್ದೆಗಣ್ಣಲ್ಲಿ ನೀವು ದಿನಚರಿ ಹೇಳಿದ್ರೂ ಅಂತ್ಯಪ್ರಾಸ ಆಗೋಗುತ್ತೆ. ಊಟದೆಲೆಗೆ ಉಪ್ಪು ಬಂದ ಹಾಗೆ ಕೇಳದೇನೇ ಬರೋ ಪ್ರಾಸ ಅದು. ಪ್ರತ್ಯಯದ ಸಹಾಯ ಸಿಗದ ಎರಡನೇ ಅಕ್ಷರಕ್ಕೇ ಹಳಬರು ಕೈ ಹಾಕಿದ್ದು, ಪುಕ್ಕಟೆ ಸಿಗೋದಕ್ಕೆ ಬೆಲೆ ಇಲ್ಲ ಅಂತಲೇ ಇರಬೇಕು. ಇಂಗ್ಲಿಷಿನ ರ‍್ಯಾಪರ್‌ಗೆ ಸಾಲಿನ ಕೊನೆ ಪ್ರಾಸ ಬೆವರು ಸುರಿಸೋ ಕೆಲಸ. ನಮ್ಮವನಿಗೆ ಅದು ಸಲೀಸು.

ಹಾಗಾಗಿ ನೀವು ನಿಜವಾಗ್ಲೂ ಬಯ್ಯಬೇಕು ಅಂದ್ರೆ ಇಲ್ಲಿ ಬಯ್ಯಿರಿ, ನಾನೂ ಜೊತೆಗೆ ಬರ್ತೀನಿ. ಹದಿನಾರು ಸಾಲಿಗೂ ‘ಮಗಾ’, ‘ಗುರು’, ‘-ತೀನಿ’ ಅಂತ ಮುಗಿಸಿ ಕೈಕಟ್ಟಿ ನಿಲ್ಲೋ ರ‍್ಯಾಪರ್ ಸೋಮಾರಿ. ಅವನ ತಪ್ಪು ಪ್ರಾಸ ಹಾಕಿದ್ದಲ್ಲ, ಸಾಲದಷ್ಟು ಹಾಕಿದ್ದು. ಈ ಬೈಗುಳ ನಿಮ್ಮ ಬಾಯಲ್ಲಿ ಯಾವತ್ತೂ ಬಂದಿಲ್ಲ ನೋಡಿ. ಯಾಕಂದ್ರೆ ನೀವು ಎರಡನೇ ಅಕ್ಷರದವರೆಗೂ ಕೇಳಿಸ್ಕೊಂಡೇ ಇಲ್ಲ.

ಇನ್ನು ಪ್ರಾಸ ಬಿಟ್ಟೋರು ಯಾರು? ಮಂಜೇಶ್ವರದ ಗೋವಿಂದ ಪೈಗಳು. ಕಾಸರಗೋಡಿನ ಕಡೆಯ ಆ ಹಿರಿಯರು 1911ರಲ್ಲಿ ‘ಇನ್ನು ಸಾಕು’ ಅಂತ ಆದಿಪ್ರಾಸ ಕಳಚಿಟ್ಟು ಬರೆದ್ರು. ಒಳ್ಳೇ ಕೆಲಸವೇ, ಆ ಕಟ್ಟು ಬಿಚ್ಚದೇ ಇದ್ದಿದ್ರೆ ಹೊಸ ಕವಿತೆಗೆ ಉಸಿರು ಬರ್ತಿರಲಿಲ್ಲ. ಆಮೇಲೆ ಅಡಿಗರ ನವ್ಯ ಬಂತು, ಹಾಡೋ ಕವಿತೆ ಓದೋ ಕವಿತೆ ಆಯ್ತು. ಅದೂ ಒಳ್ಳೇದೇ. ಆದ್ರೆ ಕವಿಗಳು ಅಂಗಳಕ್ಕೆ ಎಸೆದ ಪ್ರಾಸ, ತಾಳ, ಗತ್ತು ಎಲ್ಲ ಏನಾದವು? ಟೀ ಅಂಗಡಿ ಹುಡುಗ ಎತ್ಕೊಂಡು ಹೋದ. ಈಗ ‘ಕಳ್ಳ ಕಳ್ಳ’ ಅಂತ ಕೂಗ್ತಿದ್ದೀರಿ.

ನಿಮಗೆ ಬಾಯಿಗೆ ಬರೋ ಹೊಸಗನ್ನಡ ಕವಿತೆ ಯಾವ್ಯಾವು ಅಂತ ಒಂದ್ಸಲ ಲೆಕ್ಕ ಹಾಕಿ. ಅದ್ರಲ್ಲಿ ಓದಿದ್ದೆಷ್ಟು, ಕೇಳಿದ್ದೆಷ್ಟು? ನಿಸಾರ್ ಅಹಮದರ ‘ನಿತ್ಯೋತ್ಸವ’ ನಿಮಗೆ ಗೊತ್ತು, ಯಾಕಂದ್ರೆ 1978ರಲ್ಲಿ ಅದು ಕ್ಯಾಸೆಟ್ ಆಗಿ ಬಂತು, ಮೈಸೂರು ಅನಂತಸ್ವಾಮಿಯವರ ರಾಗ ಅದಕ್ಕೆ ಸಿಕ್ತು. ಪುಸ್ತಕ ಮನೇಲಿದ್ಯಾ? (ಸುಮ್ನೆ ಕೇಳ್ದೆ, ಬೀರು ಮೇಲೆ ಹುಡುಕೋಕೆ ಹೋಗ್ಬೇಡಿ.) ಅಂದ್ರೆ ನಿಮ್ಮ ಕಾವ್ಯಪ್ರೇಮವೂ ಕಿವಿಯಿಂದಲೇ ಒಳಗೆ ಬಂದಿದ್ದು. ಆ ಹುಡುಗನದೂ ಅದೇ ಬಾಗಿಲು.

ಈಗ ಬೆರಳು ಮಡಚಿ, ಲೆಕ್ಕ ಇದೆ ಅಂತ ಓಡಬೇಡಿ. ಮಂದಾನಿಲ ರಗಳೆ ಅಂತ ಒಂದಿದೆ. ಸಾಲಿಗೆ ನಾಲ್ಕು ಗಣ, ಗಣಕ್ಕೆ ನಾಲ್ಕು ಮಾತ್ರೆ, ಒಟ್ಟು 16. ಎರಡೆರಡು ಸಾಲು ಜೋಡಿ, ಜೋಡಿಗೆ ಆದಿಪ್ರಾಸವೂ ಅಂತ್ಯಪ್ರಾಸವೂ. ಎಷ್ಟು ಸಾಲಿಗೆ ನಿಲ್ಲಿಸಬೇಕು ಅನ್ನೋ ಕಟ್ಟಳೆ ಇಲ್ಲ, ಉಸಿರಿರೋವರೆಗೂ ಹೊಡೀಬಹುದು. ಈಗ ರ‍್ಯಾಪಿನ ಒಂದು ಬಾರ್ ತಗೊಳ್ಳಿ. ನಾಲ್ಕು ಬೀಟು, ಒಂದೊಂದು ಬೀಟಿನೊಳಗೆ ನಾಲ್ಕು ಸಣ್ಣ ಪಾಲು. ಒಟ್ಟೆಷ್ಟು? ನೀವೇ ಹೇಳಿ.

ನಂಬಿಕೆ ಬರ್ಲಿಲ್ವಾ? ನಾನೇ ಈಗ ಹೊಸೆದ ಎರಡು ಸಾಲು ಇಡ್ತೀನಿ, ಮೇಜು ತಟ್ಕೊಂಡು ಓದಿ:

ಕಡಕೊಳದಲಿ ಬಸ್ ಕಾಯುತ ನಿಂತೆ
ಬಿಡುವಿಲ್ಲದ ಬಾಯ್ ಬಿಚ್ಚಿತು ಕಂತೆ

ಕಡಕೊಳ, ದಲಿಬಸ್, ಕಾಯುತ, ನಿಂತೆ. ನಾಲ್ಕು ತಟ್ಟು. (ಸಾಲಿನ ಕೊನೇ ಅಕ್ಷರ ಎಳೆದು ಗುರು ಮಾಡ್ಕೊಳ್ಳಬಹುದು, ಅದಕ್ಕೆ ಛಂದಸ್ಸಲ್ಲೇ ಪರವಾನಗಿ ಇದೆ.) ಎರಡನೇ ಅಕ್ಷರ ಎರಡೂ ಕಡೆ ‘ಡ’, ಹಿಂದೆ ಹ್ರಸ್ವ, ಆದ್ರಿಂದ ಸಿಂಹ. ಕೊನೇಲಿ ನಿಂತೆ, ಕಂತೆ. ಈಗ ಇದನ್ನೇ ಆ ಹುಡುಗನ ಮೊಬೈಲಿನ ಬೀಟ್ ಮೇಲೆ ಕೂರಿಸಿ, ಕದಲದೆ ಕೂರುತ್ತೆ. ಕೆಟ್ಟ ಕವಿತೆ ಅಂತೀರಾ? ಕೆಟ್ಟದ್ದೇ. ನಾನು ತೋರಿಸಿದ್ದು ಅಳತೆಯನ್ನ, ಪ್ರತಿಭೆಯನ್ನಲ್ಲ.

ರಗಳೆಗೆ ದೊಡ್ಡ ಹೆಸರು ತಂದವನು ಹಂಪೆಯ ಹರಿಹರ, ಶರಣರ ಕತೆಗಳನ್ನ ರಗಳೆಯಲ್ಲಿ ಓಡಿಸಿದವನು. ಆಗಿನ ಪಂಡಿತರು ‘ರಗಳೆಯ ಕವಿ’ ಅಂತ ಹಂಗಿಸಿದ್ರಂತೆ, ಆ ರೋಷಕ್ಕೇ ಅವನು ‘ಗಿರಿಜಾಕಲ್ಯಾಣ’ವನ್ನ ಚಂಪೂವಲ್ಲಿ ಬರೆದು ತೋರಿಸಿದ ಅಂತ ಪ್ರತೀತಿ. ಹಂಗಿಸಿದ ಆ ಪಂಡಿತರ ಹೆಸರು ಹೇಳಿ ನೋಡೋಣ. ಗೊತ್ತಿಲ್ಲ ಅಲ್ವಾ? ನನಗೂ ಗೊತ್ತಿಲ್ಲ. ಯಾರೋ ನಿಮ್ಮ ಹಾಗೇ ಮಾರು ದೂರದಲ್ಲಿ ನಿಂತು ಹುಬ್ಬು ಗಂಟು ಹಾಕಿದ್ದೋರು.

ಎಲ್ಲ ಹಳೇ ಛಂದಸ್ಸೂ ಹೀಗೆ ರ‍್ಯಾಪಿಗೆ ಒಗ್ಗುತ್ತೆ ಅಂತ ಮಾತ್ರ ತಿಳೀಬೇಡಿ. ಕುಮಾರವ್ಯಾಸನ ಭಾಮಿನಿ ನಡೆಯೋದು ಮೂರು-ನಾಲ್ಕು, ಮೂರು-ನಾಲ್ಕು ಅಂತ, ಏಳರ ಗತಿ. ತಕಿಟ ತಕಧಿಮಿ. ಗಮಕಿಗಳು ಅದನ್ನ ವಾಚನ ಮಾಡೋದು ಕೇಳಿದ್ದೀರಾ? (ಹೋಗಿದ್ರಿ, ಗೊತ್ತು, ಪಂಚಾಮೃತ ತಗೊಂಡು ಎದ್ದು ಬಂದ್ರಿ.) ನಾಲ್ಕರ ಬೀಟಿಗೆ ಈ ಏಳು ಕೂರಲ್ಲ, ಕುಂಟುತ್ತೆ. ನಮ್ಮ ರ‍್ಯಾಪರ್‌ಗಳು ಅಮೆರಿಕದಿಂದ ಬಂದ ನಾಲ್ಕರ ಲೂಪನ್ನೇ ಹಿಡ್ಕೊಂಡು ಕೂತಿದ್ದಾರೆ. ಮಿಶ್ರಗತಿಯಲ್ಲಿ ಒಂದು ಬೀಟ್ ಕಟ್ಟಿ ಭಾಮಿನಿ ಹೊಡೆಯೋ ಹುಡುಗ ಬಂದ ದಿನ ನಾನು ನಂಜನಗೂಡಿಗೆ ನಡ್ಕೊಂಡು ಹೋಗಿ ಶ್ರೀಕಂಠೇಶ್ವರನಿಗೆ ಹಣ್ಣುಕಾಯಿ ಮಾಡಿಸ್ತೀನಿ. ಕಡಕೊಳದಿಂದ ಏನು ಮಹಾ ದೂರ.

ನಾಲ್ಕರ ಲೂಪಿನ ಕತೆ ಚಿಕ್ಕದು. 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್. ತಂಗಿ ಇಟ್ಟ ಪಾರ್ಟಿಯಲ್ಲಿ ಡಿಜೆ ಕೂಲ್ ಹರ್ಕ್ ಅನ್ನೋ ಜಮೈಕಾ ಮೂಲದ ಹುಡುಗ ಹಾಡುಗಳ ನಡುವೆ ಬರೋ ಬರೀ ಡ್ರಮ್ಮಿನ ತುಣುಕು ಹಿಡಿದು ಎಳೆದೆಳೆದು ಕುಣಿಸಿದ. ಆ ಡ್ರಮ್ಮಿನ ಮೇಲೆ ಮೈಕ್ ಹಿಡಿದೋರ ಮಾತು ಏರ್ತು, ಮಾತು ಪದ್ಯ ಆಯ್ತು. 2018ರಲ್ಲಿ ಕೆಂಡ್ರಿಕ್ ಲಮಾರ್‌ಗೆ ಸಂಗೀತದ ಪುಲಿಟ್ಜರ್ ಬಂತು, ಅಲ್ಲಿವರೆಗೆ ಶಾಸ್ತ್ರೀಯ ಮತ್ತು ಜಾಝ್ ಬಿಟ್ಟು ಯಾರಿಗೂ ಕೊಟ್ಟಿರಲಿಲ್ಲ. ಅದಕ್ಕೂ ಎರಡು ವರ್ಷ ಮುಂಚೆ ಬಾಬ್ ಡೈಲನ್‌ಗೆ ನೊಬೆಲ್ ಬಂದಾಗ ‘ಹಾಡೂ ಸಾಹಿತ್ಯವೇ’ ಅಂತ ಸ್ಟೇಟಸ್ ಹಾಕಿದ್ದು ಯಾರು ಸ್ವಾಮಿ? ಸ್ಟಾಕ್‌ಹೋಮಲ್ಲಾದ್ರೆ ಸಾಹಿತ್ಯ, ಕಡಕೊಳದಲ್ಲಾದ್ರೆ ಗಲಾಟೆಯಾ?

‘ಅದೇನೇ ಇರ್ಲಿ, ಈ ರ‍್ಯಾಪರ್‌ಗಳು ತಮ್ಮನ್ನ ತಾವೇ ಹೊಗಳ್ಕೊಳ್ತಾರೆ’ ಅಂದ್ರಿ. ಆಹಾ, ಇದೇ ಮಾತಿಗೆ ಕಾಯ್ತಿದ್ದೆ. ರನ್ನ ಗೊತ್ತಲ್ಲ, ಬಳೆಗಾರರ ಮನೆ ಹುಡುಗ, ಮುಧೋಳದ ಕಡೆಯವನು. ಬಳೆ ಮಲಾರದ ಮನೆಯಿಂದ ಹೊರಟು ಕವಿಚಕ್ರವರ್ತಿ ಆದ. ಅವನು ಹೇಳಿದ್ದೇನು? ನನ್ನ ಕೃತಿಯನ್ನ ಪರೀಕ್ಷೆ ಮಾಡೋಕೆ ಬರೋವನಿಗೇನು ಎಂಟು ಗುಂಡಿಗೆ ಇದ್ಯಾ ಅಂತ! ಬಡತನದಿಂದ ಬಂದೆ, ಗೆದ್ದೆ, ಧೈರ್ಯ ಇದ್ರೆ ಮುಟ್ಟು ನೋಡೋಣ. ಜಗತ್ತಿನ ಅರ್ಧ ರ‍್ಯಾಪ್ ಇಷ್ಟೇ ತಾನೇ?

ಕುಮಾರವ್ಯಾಸ ಇನ್ನೂ ಒಂದು ಕೈ ಮೇಲು. ತಾನು ಹಲಗೆ ಬಳಪ ಮುಟ್ಟೋನಲ್ಲ, ಒಂದ್ಸಲ ಇಟ್ಟ ಪದ ಅಳಿಸೋನಲ್ಲ, ಇನ್ನೊಬ್ಬರ ದಾರಿ ತುಳಿಯೋನಲ್ಲ ಅಂತ ಶುರುವಲ್ಲೇ ಸಾರ್ತಾನೆ. ಅಮೆರಿಕದ ಜೇ-ಝೀ ತಾನು ಸಾಲುಗಳನ್ನ ಕಾಗದದ ಮೇಲೆ ಬರೆಯಲ್ಲ, ತಲೇಲೇ ಕಟ್ತೀನಿ ಅಂತ ಹೇಳ್ಕೊಳ್ಳೋದು ಜಗತ್ತಿಗೇ ಸುದ್ದಿ. ಗದುಗಿನಲ್ಲಿ ಅದು ಹದಿನೈದನೇ ಶತಮಾನಕ್ಕೇ ಹಳೇ ಸುದ್ದಿ. ರಾಮಾಯಣ ಯಾಕೆ ಬರೀಲಿಲ್ಲ ಅಂದ್ರೆ, ಅದನ್ನ ಬರೆದ ಕವಿಗಳ ತೂಕಕ್ಕೇ ಭೂಮಿ ಹೊತ್ತ ಆದಿಶೇಷ ನರಳ್ತಿದ್ದಾನೆ ಅಂತಾನೆ. ಒಂದೇ ಏಟಿಗೆ ಅಷ್ಟೂ ರಾಮಾಯಣದ ಕವಿಗಳನ್ನ ಮಲಗಿಸಿದ ಇದಕ್ಕೆ ಹುಡುಗ್ರ ಭಾಷೇಲಿ ಡಿಸ್ ಅಂತಾರೆ. ನೀವು ಅದನ್ನ ‘ಕವಿಯ ಆತ್ಮವಿಶ್ವಾಸ’ ಅಂತ ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡ್ರಿ.

ಡಿಸ್ ಅಂದಾಗ ಜ್ಞಾಪಕ ಬಂತು, ನಿಮ್ಮ ಅಜ್ಜಿ ಹೇಗಿದ್ರು? ಪಾಪದೋರು, ಬಾಯಿ ಬಿಟ್ಟೋರಲ್ಲ ಅಂತೀರಾ? ಹಾಗಾದ್ರೆ ಅವರು ಬೀಗರ ಪದ ಹಾಡಿದ್ದನ್ನ ನೀವು ಕೇಳಿಲ್ಲ. ಹೆಣ್ಣಿನ ಕಡೆಯ ಹೆಂಗಸರು ಒಂದು ಸಾಲು, ಗಂಡಿನ ಕಡೆಯೋರು ಒಂದು ಸಾಲು. ಬೀಗಿತ್ತಿಯ ಮೂಗು, ಬೀಗರ ಹೊಟ್ಟೆ, ತಂದ ಸೀರೆಯ ಬಣ್ಣ, ಯಾವುದನ್ನೂ ಬಿಡ್ತಿರಲಿಲ್ಲ. ಎದುರಿಗೇ, ಮುಖ ನೋಡ್ಕೊಂಡೇ, ತಾಳ ತಪ್ಪದೆ. ಆಮೇಲೆ ಒಂದೇ ಪಂಕ್ತೀಲಿ ಊಟ.

ಉತ್ತರ ಕರ್ನಾಟಕದಲ್ಲಿ ಇದನ್ನೇ ರಾತ್ರಿಯಿಡೀ ಆಡ್ತಾರೆ. ಹರದೇಶಿ ಮೇಳ ಗಂಡು ಹೆಚ್ಚು ಅಂತ ಹಾಡಿದ್ರೆ ನಾಗೇಶಿ ಮೇಳ ಹೆಣ್ಣು ಹೆಚ್ಚು ಅಂತ ಸವಾಲು ಹಾಕುತ್ತೆ. ಸವಾಲು, ಜವಾಬು, ಮತ್ತೆ ಸವಾಲು. ಇನ್ನು ಸ್ಥಳದಲ್ಲೇ ಪದ್ಯ ಕಟ್ಟೋದು? ಶತಾವಧಾನಿ ಆರ್. ಗಣೇಶರ ಅವಧಾನಕ್ಕೆ ಹೋದೋರನ್ನ ಕೇಳಿ. ಒಬ್ಬ ಇಂಥ ಅಕ್ಷರ ಬಳಸಬೇಡ ಅಂತಾನೆ, ಇನ್ನೊಬ್ಬ ಅಸಂಬದ್ಧ ಸಮಸ್ಯೆ ಒಡ್ಡಿ ಪದ್ಯ ಪೂರ್ತಿ ಮಾಡು ಅಂತಾನೆ, ಮತ್ತೊಬ್ಬನ ಕೆಲಸವೇ ನಡುನಡುವೆ ಅಪ್ರಸ್ತುತ ಪ್ರಸಂಗ ತೆಗೆದು ತಲೆ ಕೆಡಿಸೋದು. ಹುಡುಗ್ರ ಫ್ರೀಸ್ಟೈಲಲ್ಲಿ ಇಷ್ಟು ಕಾಟ ಇಲ್ಲ, ಅದನ್ನ ಹೇಳ್ಲೇಬೇಕು. ಅವರಿಗೂ ಒಬ್ಬ ನಿಷೇಧಾಕ್ಷರಿ ಕೊಡೋನು ಬೇಕು. ಮೊದಲ ನಿಷೇಧ: ‘ಗುರು’.

ಕಲಬೆರಕೆ ಭಾಷೆ ಅಂತ ಇನ್ನೊಂದು ದೂರು ಇತ್ತಲ್ಲ ನಿಮ್ಮದು? ಕನ್ನಡದೊಳಗೆ ಇಂಗ್ಲಿಷ್ ತುರುಕ್ತಾರೆ ಅಂತ. 1112ರಲ್ಲೇ ಮುಳುಗುಂದದ ನಯಸೇನ ಇದೇ ದೂರು ಕೊಟ್ಟಿದ್ದ, ಕನ್ನಡಕ್ಕೆ ಸಂಸ್ಕೃತ ಬೆರೆಸೋದು ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗೆ ಅಂತ. ಆಗಿನ ಕಲಬೆರಕೆಯೇ ಈಗ ನಿಮಗೆ ಶುದ್ಧ ಕನ್ನಡ. (ಈ ದೂರನ್ನ ನೀವು ನನಗೆ ಕಳಿಸಿದ ವಾಯ್ಸ್ ಮೆಸೇಜಲ್ಲಿ ‘ಆಕ್ಚುಯಲಿ’ ಎಷ್ಟು ಸಲ ಬಂತು ಅಂತ ನಾನು ಎಣಿಸಕ್ಕೆ ಹೋಗ್ಲಿಲ್ಲ.) ಇನ್ನು ಹೆಸರಿನ ತಕರಾರು. ವಚನಕಾರರು ಕೊನೇಲಿ ಅಂಕಿತ ಹಾಕಿದ ಹಾಗೆ ರ‍್ಯಾಪರ್ ಹಾಡಿನೊಳಗೆ ತನ್ನ ಹೆಸರು ಹೇಳ್ಕೊಂಡ್ರೆ ನಿಮಗೆ ಕೋಪ. ಅವರು ದೇವರ ಹೆಸರು ಹಾಕಿದ್ರು, ಇವನು ತನ್ನದೇ ಹಾಕ್ದ ಅಂತೀರಾ? ಸರಿ, ಅದೊಂದು ಪಾಯಿಂಟ್ ನಿಮಗೆ.

ಪಾಯಿಂಟ್ ಕೊಟ್ಟೆ ಅಂತ ಉಬ್ಬಬೇಡಿ, ಈಗ ಕೋಲುಮಂಡೆ ವಿಷಯಕ್ಕೆ ಬರೋಣ. 2020ರ ಆಗಸ್ಟಲ್ಲಿ, ಗಣೇಶನ ಹಬ್ಬದ ಹೊತ್ತಿಗೆ, ಚಂದನ್ ಶೆಟ್ಟಿ ‘ಕೋಲುಮಂಡೆ’ ಅನ್ನೋ ಮಾದಪ್ಪನ ಪದವನ್ನ ರ‍್ಯಾಪಿಗೆ ಅಳವಡಿಸಿ ಬಿಟ್ರು. ವಿಡಿಯೊದಲ್ಲಿ ಶರಣೆ ಸಂಕಮ್ಮನನ್ನ ತೋರಿಸಿದ ರೀತಿಗೆ ಭಕ್ತರು ಸಿಡಿದ್ರು. ಚಂದನ್ ಕ್ಷಮೆ ಕೇಳಿದ್ರು, ವಿಡಿಯೊ ಯೂಟ್ಯೂಬಿಂದ ಇಳೀತು. ನೀವೂ ಟೀ ಅಂಗಡೀಲಿ ಮೇಜು ಗುದ್ದಿ ಬಯ್ದಿರಿ. ಭಕ್ತರ ಸಿಟ್ಟು ನ್ಯಾಯವಾದದ್ದು, ಅದರಲ್ಲಿ ಎರಡು ಮಾತಿಲ್ಲ. ನಿಮ್ಮ ಸಿಟ್ಟಿನ ಬಗ್ಗೆ ಮಾತ್ರ ನನಗೆ ಒಂದೆರಡು ಪ್ರಶ್ನೆ ಇದೆ.

ಒಂದು, 1996ರ ‘ಜನುಮದ ಜೋಡಿ’ ಸಿನಿಮಾದಲ್ಲೂ ಕೋಲುಮಂಡೆ ಬಂದಿತ್ತು. ಎಲ್.ಎನ್. ಶಾಸ್ತ್ರಿ ಹಾಡಿದ್ರು, ರಾಜ್ಯ ಪ್ರಶಸ್ತಿ ಬಂತು, ನೀವು ಥಿಯೇಟರಲ್ಲಿ ಶಿಳ್ಳೆ ಹೊಡೆದ್ರಿ. ಹಾಗಾದ್ರೆ ಮಾದಪ್ಪನ ಪದ ಬೇರೆ ವಾದ್ಯಕ್ಕೆ ಹೋಗಬಾರದು ಅನ್ನೋ ನಿಯಮ ನಿಮ್ಮದಲ್ಲ. ರ‍್ಯಾಪಿಗೆ ಹೋಗಬಾರದು ಅನ್ನೋದು ಮಾತ್ರ ನಿಮ್ಮದು. ಚಂದನ್ ಹಾಡಲ್ಲಿ ಎಡವಿದ್ದು ರ‍್ಯಾಪಾ, ವಿಡಿಯೊದ ಕಣ್ಣಾ? ಪದ ಕೇಳಿಸ್ಕೊಂಡು ಬಯ್ದೋರು ಎಷ್ಟು ಜನ, ಫೋಟೊ ನೋಡಿ ಬಯ್ದೋರು ಎಷ್ಟು ಜನ?

ಎರಡು, ಸಂಕಮ್ಮನ ಸಾಲು ನೀವು ಕೇಳಿದ್ದೀರಾ? ಕಂಸಾಳೆ ಹಿಡಿದ ದೇವರಗುಡ್ಡರು ಮಾದಪ್ಪನ ಕಾವ್ಯ ಹಾಡೋದೇ ಸಾಲು ಸಾಲಾಗಿ. ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಬೇವಿನಟ್ಟಿ ಕಾಳಮ್ಮನ ಸಾಲು. ಸಂಕಮ್ಮನದಂತೂ ಮೈ ಜುಂ ಅನ್ನೋ ಕತೆ. ಕಾಡಿಗೆ ಹೊರಟ ಗಂಡ ‘ನಾನು ಬರೋವರೆಗೂ ಪತಿವ್ರತೆಯಾಗಿರ್ತೀನಿ ಅಂತ ಬಲಗೈ ಭಾಷೆ ಕೊಡು’ ಅಂತಾನೆ. ಅವಳು ಕೊಡಲ್ಲ. ಚಿತ್ರಹಿಂಸೆ ಕೊಟ್ರೂ ಕೊಡಲ್ಲ. ತಪ್ಪು ಮಾಡದೋಳು ಭಾಷೆ ಯಾಕೆ ಕೊಡಬೇಕು ಅನ್ನೋ ಹಟ. ಇಂಥ ಹೆಣ್ಣಿನ ಕತೆಯನ್ನ ಗುಡ್ಡರು ರಾತ್ರಿಯಿಡೀ ಹಾಡ್ತಾರೆ, ಕಡಕೊಳದಿಂದ ಮಾದಪ್ಪನ ಬೆಟ್ಟದವರೆಗೆ ನಮ್ಮದೇ ಸೀಮೆ, ನಮ್ಮದೇ ಮಾತು.

ಆ ಕಂಸಾಳೆ ಕೇಳಿದ್ದೀರಲ್ಲ? ಒಂದು ಕೈಯಲ್ಲಿ ಕಂಚಿನ ಬಟ್ಟಲು, ಇನ್ನೊಂದು ಕೈಯಲ್ಲಿ ದಾರ ಕಟ್ಟಿದ ತಾಳ, ಬೀಸಿ ಹೊಡೆದ್ರೆ ಎದೆಗೇ ತಾಕುತ್ತೆ. ಕತೆ ಓಡುವಾಗ ರಾಗ ಕಮ್ಮಿಯಾಗಿ ಮಾತು ಜಾಸ್ತಿಯಾಗುತ್ತೆ, ಮಾತು ತಾಳದ ಮೇಲೆ ಕುದುರೆ ಸವಾರಿ ಮಾಡುತ್ತೆ, ಹಿಮ್ಮೇಳದೋರು ಕೊನೇ ತುಂಡು ಎತ್ಕೊಂಡು ಕೂಗ್ತಾರೆ. ಇದಕ್ಕೆ ಏನು ಹೆಸರಿಡ್ತೀರೋ ನಿಮ್ಮಿಷ್ಟ. ರ‍್ಯಾಪನ್ನ ಹೊಸದಾಗಿ ಕಲಿಯೋ ಕಷ್ಟ ನಮ್ಮ ಸೀಮೆಯ ಹುಡುಗನಿಗಿಲ್ಲ, ಮಾದಪ್ಪನ ಜಾತ್ರೇಲಿ ತಾತನ ಹೆಗಲ ಮೇಲೆ ಕೂತು ಅರ್ಧ ಪಾಠ ಮುಗಿಸಿರ್ತಾನೆ. ಉಳಿದರ್ಧವನ್ನ ಆಲ್ ಓಕೆ, ರಾಹುಲ್ ಡಿಟ್ಟೊ, ಎಂಸಿ ಬಿಜ್ಜು ಹಾಡು ಕೇಳ್ಕೊಂಡು ಕಲೀತಾನೆ.

ರ‍್ಯಾಪಲ್ಲಿ ನನಗೆ ಕೊರತೆ ಕಾಣೋದೂ ಇಲ್ಲೇ. ಗುಡ್ಡರಿಗೆ ಹೇಳೋಕೆ ಒಬ್ಬ ಸಂಕಮ್ಮ ಇದ್ದಾಳೆ, ಹರಿಹರನಿಗೆ ಶರಣರು ಇದ್ರು, ಕುಮಾರವ್ಯಾಸ ಅಷ್ಟು ಜಂಬ ಕೊಚ್ಚಿ ಆಮೇಲೆ ಇಡೀ ಭಾರತ ಎತ್ತಿ ಇಟ್ಟ. ಈ ಹುಡುಗ್ರಲ್ಲಿ ಬಹಳ ಜನ ಜಂಬದ ಪೀಠಿಕೆ ಮುಗಿಸೋ ಹೊತ್ತಿಗೆ ಮೂರೂವರೆ ನಿಮಿಷ ಆಗಿ ಹಾಡೇ ಮುಗೀತದೆ. ಪೀಠಿಕಾ ಸಂಧಿ ಮಾತ್ರ ಬಂತು, ಪರ್ವ ಎಲ್ಲಿ? ಶಿಫ್ಟಿನ ಕತೆ ಹೇಳು, ಗೇಟಿನ ಮುಂದೆ ಕಾಂಟ್ರಾಕ್ಟ್ ಮುಗಿದೋನ ಕತೆ ಹೇಳು, ಜಮೀನು ಕೊಟ್ಟು ಅದೇ ಜಮೀನಲ್ಲಿ ವಾಚ್‌ಮನ್ ಆದೋನ ಕತೆ ಹೇಳು. ಇಂಥದ್ದು ಹೇಳೋ ಹುಡುಗ್ರು ಇಲ್ಲದೇ ಇಲ್ಲ, ಅವರ ಹಾಡಿಗೆ ವ್ಯೂಸ್ ಕಮ್ಮಿ. ಯಾಕೆ ಕಮ್ಮಿ? ಯಾಕಂದ್ರೆ ನೀವು ಪೆಗ್ಗಿನ ಹಾಡು ಕೂಗ್ತಿದ್ರಿ.

ಕವಿಗಳ ಕಡೆಗೂ ಒಂದು ನೋಟ ಹಾಯಿಸಿ ಬರೋಣ. ದಸರಾ ಬಂತು ಅಂದ್ರೆ ಮೈಸೂರಲ್ಲಿ ಕವಿಗೋಷ್ಠಿ ಇರುತ್ತೆ, ಯುವ ದಸರಾನೂ ಇರುತ್ತೆ. 2024ರಲ್ಲಿ ಯುವ ದಸರಾ ಉತ್ತನಹಳ್ಳಿ ಹತ್ರದ ಬಯಲಿಗೆ ಹೋಯ್ತು, ರ‍್ಯಾಪರ್ ಬಾದ್‌ಷಾ ಬಂದಿದ್ರು. ‘ಕನ್ನಡದ ಹಬ್ಬದಲ್ಲಿ ಹಿಂದಿ ರ‍್ಯಾಪಾ’ ಅಂತ ನೀವು ಗೊಣಗಿದ್ರಿ, ಗೊಣಗ್ತಾನೇ ಪಾಸ್ ಕೇಳೋಕೆ ಇಬ್ಬರಿಗೆ ಫೋನ್ ಮಾಡಿದ್ರಿ. ಕವಿಗೋಷ್ಠಿಗೆ ಪಾಸ್ ಬೇಕಾಗಿಲ್ಲ, ಬಾಗಿಲು ತೆರೆದೇ ಇರುತ್ತೆ. ಹೋಗಿದ್ರಾ? ‘ಹೋಗ್ಬೇಕು ಅಂತಿದ್ದೆ, ಟ್ರಾಫಿಕ್ಕು.’ ಹೋಗಿದ್ದಿದ್ರೆ ನಿಮಗೆ ಇನ್ನೊಂದು ಕಷ್ಟ ಗೊತ್ತಾಗ್ತಿತ್ತು. ತನ್ನ ಕವಿತೆಯನ್ನ ತಾನೇ ಬಿಲ್ ಓದೋ ಹಾಗೆ ಓದೋ ಕವಿಗಳೂ ಇದ್ದಾರೆ. ಕಣ್ಣು ಹಾಳೆ ಮೇಲೆ, ದನಿ ಗಂಟಲಲ್ಲಿ. ಅಲ್ಲಿ ನಿಮ್ಮ ಕಾಲು ಕುಣಿಯಲ್ಲ, ನಿದ್ದೆ ಹೋಗುತ್ತೆ.

ಕವಿರಾಜಮಾರ್ಗದಲ್ಲಿ ಕನ್ನಡಿಗರಿಗೊಂದು ಸರ್ಟಿಫಿಕೇಟ್ ಇದೆ, ಓದದೇನೇ ಕಾವ್ಯದಲ್ಲಿ ಪಳಗಿದ ಜನ ಇವರು ಅಂತ. ಒಂಬತ್ತನೇ ಶತಮಾನದ್ದು. ನವೆಂಬರ್ ಬಂದ್ರೆ ನೀವು ವೇದಿಕೆ ಹತ್ತಿ ಇದನ್ನ ಹೇಳಿ ಚಪ್ಪಾಳೆ ಗಿಟ್ಟಿಸ್ತೀರಿ. ಸ್ವಾಮಿ, ಆ ಸರ್ಟಿಫಿಕೇಟ್ ಯಾರ ಹೆಸರಿಗಿದೆ ಅಂತ ಒಂದ್ಸಲ ಓದಿ ನೋಡಿ. ಐಟಿಐ ಮುಗಿಸಿ ಕಡಕೊಳಕ್ಕೆ ಬಂದು, ಟೀ ಲೋಟದ ಮೇಲೆ ಬೆರಳು ಬಡೀತಾ, ನಾಗವರ್ಮನ ಹೆಸರೂ ಕೇಳದೆ ಹದಿನಾರು ಮಾತ್ರೆ ಸರಿಯಾಗಿ ತುಂಬೋ ಹುಡುಗ ನಿಮ್ಮ ಪಕ್ಕದಲ್ಲೇ ನಿಂತಿದ್ದಾನೆ. ಅವನು ನಿಮಗೆ ಜಾಗ ಬಿಟ್ಟು ಸರಿದ್ರೂ ನೀವು ಮಾರು ದೂರ ಹೋಗ್ತೀರಿ.

ಅದೆಲ್ಲ ಸಾಕು. ಇಷ್ಟು ಹೊತ್ತು ಹರಟೆ ಕೇಳಿಸ್ಕೊಂಡಿದ್ದಕ್ಕೆ ಒಂದು ಹೋಮ್‌ವರ್ಕ್ ಕೊಡ್ತೀನಿ. ಎರಡು ಸಾಲು ಕಟ್ಟಿ. ಸಾಲಿಗೆ ನಾಲ್ಕು ನಾಲ್ಕರಂತೆ ಹದಿನಾರು ಮಾತ್ರೆ, ಎರಡನೇ ಅಕ್ಷರ ‘ಡ’, ಕೊನೇಲಿ ‘-ತೀನಿ’ ಬಂದ್ರೆ ಡಿಸ್‌ಕ್ವಾಲಿಫೈ. ‘ಗಡಿಬಿಡಿ’ಯಿಂದ ಶುರು ಮಾಡಬೇಡಿ, ಎಲ್ರೂ ಅದನ್ನೇ ಮಾಡ್ತಾರೆ. ವಿಷಯ ನಿಮ್ಮಿಷ್ಟ. ಬೀಗರ ಮೇಲೆ ಬರೆದ್ರೆ ಮಾತ್ರ ಓದೋ ಮುಂಚೆ ಊಟ ಮುಗಿದಿದ್ಯಾ ನೋಡ್ಕೊಳ್ಳಿ, ಮತ್ತೆ ಯಾರು ಹೇಳಿಕೊಟ್ಟಿದ್ದು ಅಂತ ಕೇಳಿದ್ರೆ ನನ್ನ ಹೆಸರು ಎತ್ತಬೇಡಿ, ನಾಗವರ್ಮ ಅನ್ನಿ.